ಗಾಡಿಯ ಹೆಡ್‌ಲೈಟ್ ಬಲ್ಬು: ನಾವೇ ಬದಲಾಯಿಸಲು ಕಲಿಯೋಣ

(ಸಂಘದ ಸಭೆಯಲ್ಲಿ ಒಬ್ಬರು ಓದಿ ಹೇಳಿ, ಎಲ್ಲರೂ ಚರ್ಚಿಸಲು)



ಉಳಿತಾಯ, ಆಂತರಿಕ ಸಾಲ, ಲೆಕ್ಕಪುಸ್ತಕ, ಮಕ್ಕಳ ಆರೋಗ್ಯ, ಹೈನುಗಾರಿಕೆ ಇವುಗಳ ಬಗ್ಗೆ ನಾವು ಸಭೆಗಳಲ್ಲಿ ಮಾತಾಡುತ್ತಲೇ ಇರುತ್ತೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಮನೆ ಮುಂದೆ ನಿಂತಿರುವ ಬೈಕು, ಸ್ಕೂಟರು ಅಥವಾ ಮೊಪೆಡ್ಡಿನ ಹೆಡ್‌ಲೈಟ್ ಬಲ್ಬು ಹೋದರೆ ಅದನ್ನು ಮನೆಯಲ್ಲೇ, ನಮ್ಮ ಕೈಯಾರೆ ಬದಲಾಯಿಸುವುದು ಹೇಗೆ ಎಂಬುದನ್ನು ಕಲಿಯೋಣ.

ಈ ಪಾಠ ಯಾಕೆ?

"ಇದು ಗಂಡಸರ ಕೆಲಸ ಅಲ್ವಾ ಅಕ್ಕ? ಮೆಕ್ಯಾನಿಕ್ ಇದ್ದಾನಲ್ಲ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ದಿನಚರಿಯನ್ನು ಒಮ್ಮೆ ನೋಡಿ. ಬೆಳಕು ಹರಿಯುವ ಮೊದಲೇ ಡೈರಿಗೆ ಹಾಲು ಹೋಗಬೇಕು. ಹೂವು ಬೆಳೆಯುವವರು ಕತ್ತಲಲ್ಲೇ ಮೂಟೆ ಕಟ್ಟಿ ಹೊರಡಬೇಕು. ಬಾಶೆಟ್ಟಿಹಳ್ಳಿ ಕಡೆಯ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗೆ ಹೋಗುವವರು ಮನೆ ಸೇರುವಾಗ ಎಷ್ಟೋ ಸಲ ಹೊತ್ತು ಮುಳುಗಿರುತ್ತೆ. ಮಗ್ಗದ ಕೆಲಸ ಮುಗಿಸಿ ಬರುವವರದ್ದೂ ಅದೇ ಕಥೆ. ತೂಬಗೆರೆ, ಸಾಸಲು, ಮಧುರೆ, ದೊಡ್ಡಬೆಳವಂಗಲ ಕಡೆಯ ಒಳ ಹಳ್ಳಿಗಳಿಗೆ ಹೋಗುವ ರಸ್ತೆಯಲ್ಲಿ ಎಲ್ಲಾ ಕಡೆ ಬೀದಿದೀಪ ಇರುವುದಿಲ್ಲ. ಅಲ್ಲಿ ನಮಗಿರುವ ಬೆಳಕು ಗಾಡಿಯ ಹೆಡ್‌ಲೈಟ್ ಒಂದೇ.

ಬಲ್ಬು ಹೋದಾಗ ಸಾಮಾನ್ಯವಾಗಿ ಏನಾಗುತ್ತೆ? "ಭಾನುವಾರ ಮೆಕ್ಯಾನಿಕ್ ಹತ್ರ ಹೋಗೋಣ" ಅಂತ ಮುಂದಕ್ಕೆ ಹಾಕುತ್ತೇವೆ. ಆ ಭಾನುವಾರ ಬರುವ ತನಕ ನಾಲ್ಕೈದು ದಿನ ಕತ್ತಲಲ್ಲೇ ಓಡಾಟ. ಅಪಾಯ ಇರುವುದು ಆ ನಾಲ್ಕೈದು ದಿನದಲ್ಲಿ. ಬಲ್ಬು ಬದಲಾಯಿಸುವ ಕೆಲಸ ಕಲಿತವರಿಗೆ ಕಾಲು ಗಂಟೆಯದ್ದು. ಮೊದಲ ಸಲ ಮಾಡುವವರಿಗೆ ಅರ್ಧ ಗಂಟೆ ಆಗಬಹುದು. ಕಾಲು ಗಂಟೆಯ ಕೆಲಸ ಬಾರದೆ ನಾಲ್ಕು ದಿನ ಪ್ರಾಣವನ್ನು ಪಣಕ್ಕೆ ಇಡುವುದು ಬೇಡ ಎಂಬುದೇ ಈ ಪಾಠದ ಉದ್ದೇಶ.

ಮಗ್ಗದಲ್ಲಿ ತುಂಡಾದ ಎಳೆಯನ್ನು ಸಾವಿರ ಎಳೆಗಳ ನಡುವೆ ಹುಡುಕಿ ಗಂಟು ಹಾಕುವ ಕೈ ನಮ್ಮದು. ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಹಾಕುವವರು ನಾವು, ಹೊಲಿಗೆ ಯಂತ್ರದ ಸೂಜಿ ಬದಲಾಯಿಸುವವರು ನಾವು. ಅವೆಲ್ಲಕ್ಕಿಂತ ಇದೇನೂ ಕಷ್ಟವಲ್ಲ.

ಕತ್ತಲೆಯ ಲೆಕ್ಕ

ಗಾಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಹೋಗಿರುತ್ತೆ. ರಸ್ತೆ ಮಧ್ಯೆ ಎತ್ತಿನ ಗಾಡಿಯೋ, ಹುಲ್ಲು ತುಂಬಿದ ಟ್ರ್ಯಾಕ್ಟರೋ ನಿಂತಿರುವುದನ್ನು ಕಂಡು ಬ್ರೇಕಿಗೆ ಕೈ ಹೋಗಲು ಸುಮಾರು ಒಂದು ಸೆಕೆಂಡು ಬೇಕು. ಆಮೇಲೆ ಗಾಡಿ ಪೂರ್ತಿ ನಿಲ್ಲಲು ಇನ್ನೂ ಹತ್ತು ಹನ್ನೆರಡು ಮೀಟರ್ ಬೇಕು. ಒಟ್ಟು ಸುಮಾರು 22 ಮೀಟರ್ ಆಯಿತು. ಒಂದು ಸೀರೆಯ ಉದ್ದ ಸುಮಾರು ಐದೂವರೆ ಮೀಟರ್ ಅಂತ ಇಟ್ಟುಕೊಂಡರೆ ನಾಲ್ಕು ಸೀರೆಗಳನ್ನು ಸಾಲಾಗಿ ಹಾಸಿದಷ್ಟು ದೂರ ಅದು. ರಸ್ತೆ ಒದ್ದೆ ಇದ್ದರೆ, ಮರಳು ಬಿದ್ದಿದ್ದರೆ ಇನ್ನೂ ಜಾಸ್ತಿ.

ಅಂದರೆ ನಾಲ್ಕು ಸೀರೆ ದೂರದಲ್ಲಿ ಏನಿದೆ ಅಂತ ಕಾಣದಿದ್ದರೆ ನಾವು ಗಾಡಿಯನ್ನು ನಿಲ್ಲಿಸಲಾರೆವು. ಚಳಿಗಾಲದಲ್ಲಿ ನಂದಿ ಬೆಟ್ಟ, ಮಾಕಳಿದುರ್ಗದ ಕಡೆಯಿಂದ ಮಂಜು ಕವಿದಾಗ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಸಮಯದಲ್ಲಿ ರಾತ್ರಿಯೆಲ್ಲಾ ದನ, ಗಾಡಿಗಳು ರಸ್ತೆಯಲ್ಲಿ ಇರುವಾಗ ಈ ಲೆಕ್ಕ ನೆನಪಿರಲಿ.

ಹೆಡ್‌ಲೈಟಿನ ಇನ್ನೊಂದು ಕೆಲಸವನ್ನು ನಾವು ಮರೆಯುತ್ತೇವೆ. ನಮಗೆ ರಸ್ತೆ ಕಾಣುವುದು ಒಂದು, ಎದುರಿಗೆ ಬರುವವರಿಗೆ ನಾವು ಕಾಣುವುದು ಇನ್ನೊಂದು. "ನಂಗೆ ದಾರಿ ಚೆನ್ನಾಗಿ ಗೊತ್ತು, ಕಣ್ಣು ಮುಚ್ಕೊಂಡೂ ಹೋಗ್ತೀನಿ" ಅನ್ನುವವರನ್ನು ಎದುರಿಗೆ ಬರುವ ಲಾರಿಯವನು ಕಾಣಬೇಕಲ್ಲ? ಇದೇ ಕಾರಣಕ್ಕೆ ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಮಾರಾಟಕ್ಕೆ ಬರುವ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದ ಕೂಡಲೇ ಹೆಡ್‌ಲೈಟ್ ತಾನಾಗಿಯೇ ಉರಿಯುವ ವ್ಯವಸ್ಥೆ ಕಡ್ಡಾಯವಾಯಿತು. ಹಗಲಿನಲ್ಲೂ ಲೈಟ್ ಉರಿಯುವುದನ್ನು ನೋಡಿ ದಾರಿಯಲ್ಲಿ ಜನ ಕೈ ಸನ್ನೆ ಮಾಡಿ ಹೇಳುತ್ತಾರೆ. ಅದು ಕೆಟ್ಟಿಲ್ಲ, ಇರಬೇಕಾದ್ದೇ ಹಾಗೆ. ಆದರೆ ಹಗಲೂ ಉರಿಯುವುದರಿಂದ ಬಲ್ಬಿನ ಆಯುಷ್ಯ ಬೇಗ ಸವೆಯುತ್ತದೆ. ಆದ್ದರಿಂದ ಈ ಕೆಲಸ ಈಗ ಮೊದಲಿಗಿಂತ ಹೆಚ್ಚು ಸಲ ಬೇಕಾಗಬಹುದು.

ಬಲ್ಬಿನ ಒಳಗೆ ಏನಿದೆ?

ಹೆಚ್ಚಿನ ಬೈಕು, ಸ್ಕೂಟರುಗಳಲ್ಲಿ ಇರುವುದು ಹ್ಯಾಲೋಜನ್ ಬಲ್ಬು. ಅದರೊಳಗೆ ಟಂಗ್‌ಸ್ಟನ್ ಎಂಬ ಲೋಹದ ಎರಡು ಸಣ್ಣ ಸುರುಳಿ ತಂತಿಗಳಿವೆ. ಒಂದು ದೂರಕ್ಕೆ ಬೆಳಕು ಕೊಡುವ ಹೈ ಬೀಮಿಗೆ, ಇನ್ನೊಂದು ಹತ್ತಿರದ ರಸ್ತೆಗೆ ಬೆಳಕು ಕೊಡುವ ಡಿಮ್ಮಿಗೆ. ಡಿಮ್ ತಂತಿಯ ಕೆಳಗೆ ಪುಟ್ಟ ಚಮಚದಂತಹ ಒಂದು ತಗಡು ಇರುತ್ತದೆ. ಬೆಳಕು ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಹೊಡೆಯದಂತೆ ತಡೆಯುವುದು ಅದರ ಕೆಲಸ. ಬಲ್ಬನ್ನು ತಲೆಕೆಳಗಾಗಿ ಕೂರಿಸಬಾರದು ಅನ್ನುವುದಕ್ಕೆ ಕಾರಣ ಈ ಪುಟ್ಟ ತಗಡೇ.

ಬಲ್ಬಿನ ಹಿಂದೆ ಮೂರು ಚಪ್ಪಟೆ ಕಾಲುಗಳಿವೆ. ಒಂದು ಹೈಗೆ, ಒಂದು ಡಿಮ್ಮಿಗೆ, ಇನ್ನೊಂದು ಎರಡಕ್ಕೂ ಸೇರಿದ ಅರ್ತ್. ಒಂದು ತಂತಿ ತುಂಡಾದರೂ ಇನ್ನೊಂದು ಉರಿಯುತ್ತಿರುತ್ತದೆ.

ಉರಿಯುವಾಗ ಈ ಬಲ್ಬಿನ ಗಾಜು ನೂರಾರು ಡಿಗ್ರಿ ಕಾಯುತ್ತದೆ. ಬರಿಗೈಯಲ್ಲಿ ಗಾಜನ್ನು ಮುಟ್ಟಿದರೆ ನಮ್ಮ ಬೆರಳಿನ ಎಣ್ಣೆ, ಬೆವರಿನ ಉಪ್ಪು ಅದಕ್ಕೆ ಅಂಟಿಕೊಳ್ಳುತ್ತದೆ. ಬಲ್ಬು ಉರಿದಾಗ ಆ ಜಾಗ ಉಳಿದ ಕಡೆಗಿಂತ ಹೆಚ್ಚು ಕಾದು ಗಾಜು ಮಸುಕಾಗುತ್ತದೆ, ಬಿರುಕು ಬಿಡಲೂಬಹುದು. ವರ್ಷ ಬಾಳಬೇಕಾದ ಬಲ್ಬು ಬೇಗ ಹಾಳಾಗುವುದು ಹೀಗೆ. "ಗಾಜು ಮುಟ್ಟಬೇಡಿ" ಎಂಬ ಮಾತನ್ನು ಈ ಪಾಠದಲ್ಲಿ ಮತ್ತೆ ಮತ್ತೆ ಹೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಬಲ್ಬೇ ಹೋಗಿದೆಯಾ? ಮೊದಲು ಪತ್ತೆ ಮಾಡೋಣ

ಹೊಸ ಬಲ್ಬಿಗೆ ದುಡ್ಡು ಕೊಡುವ ಮೊದಲು ಎರಡು ನಿಮಿಷ ಪರೀಕ್ಷೆ ಮಾಡಿ. ಗಾಡಿಯನ್ನು ಮನೆ ಹೊರಗೆ ಬಯಲಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ. ಮುಚ್ಚಿದ ಕೋಣೆಯಲ್ಲಿ, ಹಜಾರದಲ್ಲಿ ಎಂಜಿನ್ ಓಡಿಸಬಾರದು. ಅದರ ಹೊಗೆ ವಿಷ.

- ಡಿಮ್ ಉರಿಯುತ್ತೆ, ಹೈ ಉರಿಯಲ್ಲ, ಅಥವಾ ಹೈ ಉರಿಯುತ್ತೆ, ಡಿಮ್ ಉರಿಯಲ್ಲ: ಬಹುತೇಕ ಬಲ್ಬಿನ ಒಂದು ತಂತಿ ತುಂಡಾಗಿದೆ. ಬಲ್ಬು ಬದಲಾಯಿಸಿ.
- ಎರಡೂ ಉರಿಯಲ್ಲ: ಎರಡು ತಂತಿಯೂ ಹೋಗಿರಬಹುದು. ಇಲ್ಲವೇ ಹೋಲ್ಡರ್ ಸಡಿಲವಾಗಿರಬಹುದು, ಅರ್ತ್ ವೈರ್ ಬಿಟ್ಟಿರಬಹುದು, ಫ್ಯೂಸ್ ಹೋಗಿರಬಹುದು. ಮೊದಲು ಬಲ್ಬು ಬಿಚ್ಚಿ ನೋಡಿ.
- ಹಾರ್ನ್, ಇಂಡಿಕೇಟರ್ ಕೂಡ ಕೆಲಸ ಮಾಡುತ್ತಿಲ್ಲ: ಇದು ಬಲ್ಬಿನ ತೊಂದರೆ ಅಲ್ಲ. ಬ್ಯಾಟರಿ ಅಥವಾ ಫ್ಯೂಸ್ ನೋಡಬೇಕು.
- ಎಂಜಿನ್ ನಿಧಾನವಾಗಿದ್ದಾಗ ಮಂಕು, ಆಕ್ಸಿಲರೇಟರ್ ಕೊಟ್ಟಾಗ ಜೋರು: ಹಳೆಯ ಬೈಕು, ಮೊಪೆಡ್ ಎಷ್ಟೋ ಗಾಡಿಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಅಲ್ಲ, ಎಂಜಿನ್ನಿನ ಕಾಯಿಲ್‌ನಿಂದ ನೇರವಾಗಿ ಬರುತ್ತೆ. ಅಂಥವಕ್ಕೆ ಇದು ಸಹಜ. ಬಲ್ಬು ಕೆಟ್ಟಿಲ್ಲ.

ಬಿಚ್ಚಿದ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿ ತಂತಿ ತುಂಡಾಗಿ ನೇತಾಡುತ್ತಿದ್ದರೆ, ಗಾಜು ಒಳಗಡೆ ಕಪ್ಪಾಗಿದ್ದರೆ ಅಥವಾ ಬಿಳಿ ಪುಡಿ ಹಿಡಿದಿದ್ದರೆ ಅದರ ಕಾಲ ಮುಗಿಯಿತು ಅಂತ ತಿಳಿಯಿರಿ.

ಒಂದು ಮಾತು. ಇತ್ತೀಚಿನ ಕೆಲವು ಗಾಡಿಗಳಲ್ಲಿ ಕಂಪನಿಯವರೇ ಎಲ್‌ಇಡಿ ಹೆಡ್‌ಲೈಟ್ ಕೊಟ್ಟಿರುತ್ತಾರೆ. ಅದರಲ್ಲಿ ಬಿಚ್ಚಿ ಹಾಕುವ ಬಲ್ಬು ಇರುವುದಿಲ್ಲ. ಅದು ಕೆಟ್ಟರೆ ಸರ್ವಿಸ್ ಸೆಂಟರಿಗೇ ಹೋಗಬೇಕು. ಈ ಪಾಠ ಹ್ಯಾಲೋಜನ್ ಬಲ್ಬಿನ ಗಾಡಿಗಳಿಗೆ ಮಾತ್ರ.

ಯಾವ ಬಲ್ಬು ತರಬೇಕು?

ಆಟೋಮೊಬೈಲ್ಸ್ ಅಂಗಡಿಗೆ ಹೋಗುವಾಗ ಹಳೆಯ ಬಲ್ಬನ್ನೇ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಅದರ ಲೋಹದ ಬುಡದ ಮೇಲೆ ಅಕ್ಷರಗಳು ಕೆತ್ತಿರುತ್ತವೆ. ಉದಾಹರಣೆಗೆ 12 ವೋಲ್ಟ್, 35/35 ವ್ಯಾಟ್ ಅಂತ ಇರುತ್ತದೆ. ಇಲ್ಲಿ ಎರಡು ಸಲ 35 ಇರುವುದು ಹೈಗೆ ಒಂದು, ಡಿಮ್ಮಿಗೆ ಒಂದು. ನಮ್ಮ ಕಡೆ ಓಡುವ ಅನೇಕ ಸಾಧಾರಣ ಬೈಕು, ಸ್ಕೂಟರುಗಳಿಗೆ ಎಚ್‌ಎಸ್ 1 ಎಂಬ ನಮೂನೆಯ 35/35 ವ್ಯಾಟ್ ಬಲ್ಬೇ ಹೊಂದುತ್ತದೆ. ಆದರೂ ಊಹೆ ಮೇಲೆ ತರಬೇಡಿ. ಹಳೆ ಬಲ್ಬಿನ ಮೇಲೆ ಏನಿದೆಯೋ, ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಕೇಳಿ.

ಅಂಗಡಿಯಲ್ಲಿ "ಇದು ಹಾಕ್ಕೊಳ್ಳಿ ಅಮ್ಮ, ಡಬಲ್ ಬೆಳಕು ಬರುತ್ತೆ" ಅಂತ 60/55 ಅಥವಾ 100/90 ವ್ಯಾಟಿನ ಬಲ್ಬು ತೋರಿಸುವುದುಂಟು. ಬೇಡ ಅನ್ನಿ. ಯಾಕೆ ಬೇಡ ಎಂಬ ಲೆಕ್ಕ ಸುಲಭ. ವ್ಯಾಟನ್ನು 12ರಿಂದ ಭಾಗಿಸಿದರೆ ಎಷ್ಟು ಕರೆಂಟು ಹರಿಯುತ್ತೆ ಅಂತ ತಿಳಿಯುತ್ತದೆ. 35 ವ್ಯಾಟಿನ ಬಲ್ಬು ಸುಮಾರು 3 ಆಂಪಿಯರ್ ಎಳೆಯುತ್ತದೆ. 60 ವ್ಯಾಟಿನದು 5 ಆಂಪಿಯರ್, 100 ವ್ಯಾಟಿನದು 8 ಆಂಪಿಯರಿಗೂ ಹೆಚ್ಚು. 3 ಆಂಪಿಯರಿಗೆ ಅಂತ ಮಾಡಿದ ಸಣ್ಣ ವೈರಿನಲ್ಲಿ 8 ಆಂಪಿಯರ್ ಹರಿದರೆ ವೈರು ಕಾಯುತ್ತೆ, ಹೋಲ್ಡರ್ ಕರಗುತ್ತೆ, ಸ್ವಿಚ್ಚು ಸುಡುತ್ತೆ, ಬ್ಯಾಟರಿ ಇಳಿಯುತ್ತೆ. ಒಂದು ಬಲ್ಬಿನ ಆಸೆಗೆ ಇಡೀ ವೈರಿಂಗ್ ಹೋಗುತ್ತೆ. ಸಾಲ ಕೊಡುವಾಗ ನಾವು ಸದಸ್ಯೆಯ ಮರುಪಾವತಿ ಶಕ್ತಿ ನೋಡುತ್ತೇವಲ್ಲ, ಹಾಗೆಯೇ ಗಾಡಿಯ ಶಕ್ತಿ ನೋಡಿ ಬಲ್ಬು ಹಾಕಬೇಕು.

ಹ್ಯಾಲೋಜನ್ ಬಲ್ಬಿನ ಜಾಗಕ್ಕೆ ಸಿಕ್ಕಿಸುವ ಎಲ್‌ಇಡಿ ಬಲ್ಬುಗಳೂ ಮಾರಾಟಕ್ಕಿವೆ. ನಮ್ಮ ಗಾಡಿಯ ರಿಫ್ಲೆಕ್ಟರ್ ಹ್ಯಾಲೋಜನ್ ತಂತಿಯ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅದರಲ್ಲಿ ಬೇರೆ ಬಲ್ಬು ಹಾಕಿದರೆ ಬೆಳಕು ಎಲ್ಲೆಲ್ಲೋ ಚೆದುರುತ್ತದೆ. ನೋಡಲು ಬೆಳ್ಳಗೆ ಜೋರಾಗಿ ಕಂಡರೂ ರಸ್ತೆ ಮೇಲೆ ಬೀಳುವ ಬೆಳಕು ಕಡಿಮೆ, ಎದುರಿನವರ ಕಣ್ಣಿಗೆ ಹೊಡೆಯುವುದು ಹೆಚ್ಚು. ಎದುರಿಗೆ ಬರುವ ತಾಯಿಯೂ ಒಂದು ಮನೆಗೆ ಬೇಕಾದವಳು ಎಂಬುದು ನಮ್ಮ ನೆನಪಿನಲ್ಲಿರಲಿ.

ಬೇಕಾದ ಸಾಮಾನು

- ಹೊಸ ಬಲ್ಬು
- ಸ್ಟಾರ್ ಸ್ಕ್ರೂಡ್ರೈವರ್ ಒಂದು, ಚಪ್ಪಟೆ ಸ್ಕ್ರೂಡ್ರೈವರ್ ಒಂದು
- 8 ಮತ್ತು 10 ನಂಬರ್ ಸ್ಪ್ಯಾನರ್ (ಗಾಡಿಯ ಟೂಲ್ ಕಿಟ್‌ನಲ್ಲೇ ಇದೆಯಾ ನೋಡಿ)
- ಸ್ವಚ್ಛವಾದ ಒಣ ಹತ್ತಿ ಬಟ್ಟೆ
- ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಪಿರಿಟ್ ಸ್ವಲ್ಪ
- ಬಿಚ್ಚಿದ ಸ್ಕ್ರೂ ಹಾಕಿಡಲು ಒಂದು ತಟ್ಟೆ ಅಥವಾ ಬಟ್ಟಲು

ಬದಲಾಯಿಸುವ ಕ್ರಮ

1. ಹಗಲು ಹೊತ್ತಿನಲ್ಲಿ, ಸಮತಟ್ಟಾದ ಜಾಗದಲ್ಲಿ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ. ಬೀಗದ ಕೈ ತೆಗೆದು ಜೇಬಿನಲ್ಲೋ ಸೆರಗಿನಲ್ಲೋ ಇಟ್ಟುಕೊಳ್ಳಿ. ಸಣ್ಣ ಮಕ್ಕಳನ್ನು ದೂರ ಇರಿಸಿ.

2. ಗಾಡಿ ಈಗಷ್ಟೇ ಓಡಿಸಿದ್ದರೆ ಹತ್ತು ಹದಿನೈದು ನಿಮಿಷ ಆರಲು ಬಿಡಿ. ಬಿಸಿ ಬಲ್ಬು ಮುಟ್ಟಿದರೆ ಕೈ ಸುಡುತ್ತದೆ.

3. ಹೆಡ್‌ಲೈಟ್ ಬಿಚ್ಚಿ. ದುಂಡಗಿನ ಹೆಡ್‌ಲೈಟ್ ಇರುವ ಬೈಕು, ಮೊಪೆಡ್ಡುಗಳಲ್ಲಿ ಸಾಮಾನ್ಯವಾಗಿ ಗಾಜಿನ ಸುತ್ತಿನ ಬಳೆಯ ಕೆಳಗೆ ಅಥವಾ ಪಕ್ಕದಲ್ಲಿ ಒಂದೋ ಎರಡೋ ಸ್ಕ್ರೂ ಇರುತ್ತದೆ. ಮುಂದೆ ವೈಸರ್ ಇರುವ ಬೈಕುಗಳಲ್ಲಿ ಎರಡೂ ಪಕ್ಕದ ಬೋಲ್ಟ್ ಬಿಚ್ಚಿದರೆ ಹೆಡ್‌ಲೈಟ್ ಮುಂದಕ್ಕೆ ಬರುತ್ತದೆ. ಸ್ಕೂಟರುಗಳಲ್ಲಿ ಹ್ಯಾಂಡಲ್‌ನ ಮುಂದಿನ ಕವರ್ ಬಿಚ್ಚಬೇಕಾಗುತ್ತದೆ. ಸ್ಕ್ರೂಗಳು ಹಿಂದುಗಡೆ, ಕನ್ನಡಿಯ ಆಸುಪಾಸು ಇರುತ್ತವೆ. ಪ್ಲಾಸ್ಟಿಕ್ ಕವರಿನೊಳಗೆ ಕೊಕ್ಕೆಗಳಿರುವುದರಿಂದ ಜೋರಾಗಿ ಎಳೆಯಬೇಡಿ. ಬರಲಿಲ್ಲ ಅಂದರೆ ಎಲ್ಲೋ ಒಂದು ಸ್ಕ್ರೂ ಬಿಚ್ಚಲು ಉಳಿದಿದೆ ಅಂತ ಅರ್ಥ. ಹುಡುಕಿ.

4. ಬಿಚ್ಚಿದ ಸ್ಕ್ರೂಗಳನ್ನು ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ. ಉದ್ದದ ಸ್ಕ್ರೂ, ಗಿಡ್ಡದ ಸ್ಕ್ರೂ ಅದಲು ಬದಲಾದರೆ ಪ್ಲಾಸ್ಟಿಕ್ ಒಡೆಯುತ್ತದೆ. ಮನೆಯಲ್ಲಿ ಮೊಬೈಲ್ ಇದ್ದರೆ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ ಒಂದೊಂದು ಫೋಟೋ ತೆಗೆದುಕೊಳ್ಳಿ. ಜೋಡಿಸುವಾಗ ಅನುಕೂಲ.

5. ಹೆಡ್‌ಲೈಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹಿಂದಿನ ಹೋಲ್ಡರ್ ಎಳೆಯಿರಿ. ಇದು ಮೂರು ಕಾಲಿಗೆ ಸಿಕ್ಕಿಸಿರುವ ಪ್ಲಾಸ್ಟಿಕ್ ಭಾಗ. ಹೋಲ್ಡರನ್ನೇ ಹಿಡಿದು ಎಳೆಯಿರಿ, ವೈರು ಹಿಡಿದು ಎಳೆಯಬೇಡಿ. ಪಾರ್ಕಿಂಗ್ ಲೈಟಿನ ಸಣ್ಣ ಬಲ್ಬು ಇದ್ದರೆ ಅದರ ಹೋಲ್ಡರನ್ನೂ ಮೆಲ್ಲಗೆ ಎಳೆದು ತೆಗೆಯಿರಿ.

6. ಬಲ್ಬಿನ ಹಿಂದೆ ರಬ್ಬರ್ ಕವರ್ ಇರುತ್ತದೆ. ಧೂಳು, ನೀರು ಒಳಗೆ ಹೋಗದಂತೆ ತಡೆಯುವುದು ಇದೇ. ಹರಿಯದಂತೆ ನಿಧಾನವಾಗಿ ತೆಗೆಯಿರಿ. ಯಾವ ಭಾಗ ಮೇಲಿತ್ತು ಅಂತ ಗುರುತು ಇಟ್ಟುಕೊಳ್ಳಿ.

7. ಈಗ ಬಲ್ಬನ್ನು ಹಿಡಿದಿರುವ ತಂತಿಯ ಕ್ಲಿಪ್ ಕಾಣುತ್ತದೆ. ಸೇಫ್ಟಿ ಪಿನ್ ಬಿಚ್ಚಿದ ಹಾಗೆ ಅದನ್ನು ಒತ್ತಿ ಪಕ್ಕಕ್ಕೆ ಸರಿಸಿ. ಕೆಲವು ಗಾಡಿಗಳಲ್ಲಿ ಕ್ಲಿಪ್ ಬದಲು ತಿರುಗಿಸಿ ತೆಗೆಯುವ ಬಳೆ ಇರುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ ಬಲ್ಬನ್ನೇ ಒಳಕ್ಕೆ ಒತ್ತಿ ತಿರುಗಿಸಿ ತೆಗೆಯಬೇಕು. ಹಳೆ ಬಲ್ಬನ್ನು ನೇರವಾಗಿ ಹೊರಗೆ ಎಳೆಯಿರಿ.

8. ಹೊಸ ಬಲ್ಬನ್ನು ಪೆಟ್ಟಿಗೆಯಿಂದ ತೆಗೆಯುವಾಗ ಲೋಹದ ಬುಡವನ್ನೇ ಹಿಡಿಯಿರಿ. ಗಾಜು ಮುಟ್ಟಬೇಡಿ. ಅಪ್ಪಿತಪ್ಪಿ ಮುಟ್ಟಿದರೆ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಒಲೆಯ ಹತ್ತಿರ ಈ ಕೆಲಸ ಬೇಡ.

9. ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿವೆ. ಅವುಗಳಲ್ಲಿ ಒಂದು ಉಳಿದೆರಡಕ್ಕಿಂತ ಬೇರೆ ಥರ ಇರುತ್ತದೆ. ರಿಫ್ಲೆಕ್ಟರಿನಲ್ಲಿ ಅದಕ್ಕೆ ಹೊಂದುವ ಕಚ್ಚು ಇದೆ. ಸರಿಯಾಗಿ ಇಟ್ಟರೆ ತಾನಾಗಿ ಕೂರುತ್ತದೆ, ಬಲ ಹಾಕಬೇಕಾಗಿಲ್ಲ. ಅಲ್ಲಾಡದೆ ಚಪ್ಪಟೆಯಾಗಿ ಕೂತಿದೆಯಾ ನೋಡಿ ಕ್ಲಿಪ್ ಹಾಕಿ.

10. ರಿಫ್ಲೆಕ್ಟರಿನ ಒಳಗಿನ ಕನ್ನಡಿಯಂತಹ ಭಾಗವನ್ನು ಮುಟ್ಟಲೂ ಬಾರದು, ಬಟ್ಟೆಯಿಂದ ಒರೆಸಲೂ ಬಾರದು. ಅದರ ಹೊಳಪಿನ ಲೇಪ ಬಹಳ ತೆಳು, ಉಜ್ಜಿದರೆ ಎದ್ದುಹೋಗುತ್ತದೆ.

11. ರಬ್ಬರ್ ಕವರ್ ಸುತ್ತಲೂ ಬಿಗಿಯಾಗಿ ಕೂರಿಸಿ. ಇದನ್ನು ಹಾಕದೇ ಬಿಟ್ಟರೆ ಮಳೆಗಾಲದಲ್ಲಿ ಒಳಗೆ ನೀರು ಹೋಗಿ ಗಾಜು ಮಬ್ಬಾಗುತ್ತೆ, ರಿಫ್ಲೆಕ್ಟರ್ ಹಾಳಾಗುತ್ತೆ. ಆಮೇಲೆ ಹೋಲ್ಡರ್ ಸಿಕ್ಕಿಸಿ. ಹೋಲ್ಡರ್ ಕಪ್ಪಾಗಿದ್ದರೆ, ಕರಗಿದ್ದರೆ ಅದನ್ನೂ ಬದಲಾಯಿಸಬೇಕು. ಅದಕ್ಕೆ ಮೆಕ್ಯಾನಿಕ್ ಸಹಾಯ ಪಡೆಯಿರಿ.

12. ಎಲ್ಲಾ ಸ್ಕ್ರೂ ಹಾಕುವ ಮೊದಲೇ ಬೀಗದ ಕೈ ಹಾಕಿ, ಎಂಜಿನ್ ಚಾಲೂ ಮಾಡಿ ಪರೀಕ್ಷಿಸಿ. ಡಿಮ್ ಉರಿಯುತ್ತಾ? ಹೈ ಉರಿಯುತ್ತಾ? ಹೈ ಹಾಕಿದಾಗ ಮೀಟರಿನಲ್ಲಿ ನೀಲಿ ದೀಪ ಬರುತ್ತಾ? ಎಲ್ಲಾ ಸರಿ ಇದ್ದರೆ ಎಂಜಿನ್ ನಿಲ್ಲಿಸಿ ಸ್ಕ್ರೂಗಳನ್ನು ಹಾಕಿ. ತೀರಾ ಬಿಗಿ ಬೇಡ, ಪ್ಲಾಸ್ಟಿಕ್ ಒಡೆಯುತ್ತದೆ. ವೈರುಗಳು ಮಧ್ಯೆ ಸಿಕ್ಕಿಕೊಂಡಿಲ್ಲ ಅಂತ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ.

ಬೆಳಕು ಎಲ್ಲಿ ಬೀಳಬೇಕು?

ಬಲ್ಬು ಉರಿದರೆ ಅರ್ಧ ಕೆಲಸ ಆಯಿತು. ಬೆಳಕು ಸರಿಯಾದ ಜಾಗಕ್ಕೆ ಬೀಳಬೇಕು. ಮುಸ್ಸಂಜೆ ಹೊತ್ತಿನಲ್ಲಿ ಒಂದು ಗೋಡೆಯ ಮುಂದೆ ಗಾಡಿ ನಿಲ್ಲಿಸಿ. ಗೋಡೆಗೂ ಗಾಡಿಗೂ ನಡುವೆ ಒಂದು ಸೀರೆಯಷ್ಟು ದೂರ ಇರಲಿ. ಯಾವಾಗಲೂ ಓಡಿಸುವವರು ಸೀಟಿನ ಮೇಲೆ ಕೂರಲಿ, ಟೈರಿನಲ್ಲಿ ಗಾಳಿ ಸರಿಯಾಗಿರಲಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದು, ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಡಿಮ್ ಹಾಕಿದಾಗ ಜೋರು ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು ನಾಲ್ಕು ಬೆರಳು ಕೆಳಗೆ ಇರಬೇಕು. ಗೆರೆಗಿಂತ ಮೇಲೆ ಹೋದರೆ ಎದುರಿನವರ ಕಣ್ಣು ಕುರುಡಾಗುತ್ತೆ. ತುಂಬಾ ಕೆಳಗೆ ಬಿದ್ದರೆ ನಮಗೆ ಮುಂದಿನ ರಸ್ತೆ ಕಾಣುವುದಿಲ್ಲ.

ಸರಿ ಮಾಡಲು ಹೆಡ್‌ಲೈಟಿನ ಕೆಳಗೆ ಒಂದು ಸ್ಕ್ರೂ ಇರುತ್ತದೆ, ಅಥವಾ ಪಕ್ಕದ ಬೋಲ್ಟ್ ಸಡಿಲಿಸಿ ಹೆಡ್‌ಲೈಟನ್ನು ಸ್ವಲ್ಪ ಬಾಗಿಸಬೇಕು. ಹಾಲಿನ ಕ್ಯಾನು, ಮೂಟೆ, ಹಿಂದೆ ಇನ್ನೊಬ್ಬರು ಕೂತಾಗ ಗಾಡಿಯ ಹಿಂಭಾಗ ಕುಗ್ಗಿ ಬೆಳಕು ಮೇಲಕ್ಕೆ ಹೋಗುತ್ತದೆ. ದಿನಾ ಭಾರ ಹಾಕುವವರು ಭಾರ ಇಟ್ಟುಕೊಂಡೇ ಈ ಪರೀಕ್ಷೆ ಮಾಡಿ.

ಪದೇ ಪದೇ ಬಲ್ಬು ಹೋಗುತ್ತಿದ್ದರೆ

ಒಂದೆರಡು ತಿಂಗಳಿಗೊಮ್ಮೆ ಬಲ್ಬು ಹೋಗುತ್ತಿದೆ ಅಂದರೆ ತಪ್ಪು ಬಲ್ಬಿನದ್ದಲ್ಲ. ಮೆಕ್ಯಾನಿಕ್ ಬಳಿ ಹೋಗಿ ಈ ಮೂರನ್ನು ನೋಡಲು ಹೇಳಿ. ಒಂದು, ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್, ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಆರ್.ಆರ್. ಯೂನಿಟ್. ಅದು ಕೆಟ್ಟರೆ ಆಕ್ಸಿಲರೇಟರ್ ಜೋರು ಕೊಟ್ಟಾಗ ವೋಲ್ಟೇಜ್ ಏರಿ ಬಲ್ಬು ಸುಡುತ್ತದೆ. ಎರಡು, ಅರ್ತ್ ವೈರ್ ಮತ್ತು ಹೋಲ್ಡರ್ ಸಡಿಲ ಇರುವುದು. ಮೂರು, ಹೆಡ್‌ಲೈಟೇ ಅಲ್ಲಾಡುತ್ತಿರುವುದು. ಹಳ್ಳ ದಿಣ್ಣೆ ರಸ್ತೆಯಲ್ಲಿ ಗಾಡಿ ಕುಲುಕಿದಾಗ ಸುರುಳಿ ತಂತಿ ತುಂಡಾಗುತ್ತದೆ. "ಬಲ್ಬು ಹಾಕಿ ಕೊಡಿ" ಅನ್ನುವುದಕ್ಕಿಂತ "ರೆಗ್ಯುಲೇಟರ್ ಚೆಕ್ ಮಾಡಿ" ಅಂತ ಕೇಳುವ ಗ್ರಾಹಕಿಗೆ ಮೆಕ್ಯಾನಿಕ್ ಕೂಡ ಬೇರೆ ರೀತಿಯಲ್ಲಿ ಉತ್ತರ ಕೊಡುತ್ತಾನೆ.

ದಾರಿಯಲ್ಲೇ ಬಲ್ಬು ಹೋದರೆ

ಗಾಬರಿ ಬೇಡ. ಕೂಡಲೇ ಇನ್ನೊಂದು ಬೀಮಿಗೆ ಸ್ವಿಚ್ ಬದಲಾಯಿಸಿ. ಡಿಮ್ ಹೋಗಿದ್ದರೆ ಹೈ, ಹೈ ಹೋಗಿದ್ದರೆ ಡಿಮ್. ಒಂದಾದರೂ ಉರಿದರೆ ಎಡಬದಿಯಲ್ಲೇ ನಿಧಾನವಾಗಿ ಮನೆ ಸೇರಿ, ಮರುದಿನವೇ ಬಲ್ಬು ಹಾಕಿ. ಎರಡೂ ಹೋಗಿದ್ದರೆ ರಸ್ತೆ ಬಿಟ್ಟು ಎಡಕ್ಕೆ ಗಾಡಿ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಜನ ಮತ್ತು ಬೆಳಕು ಇರುವ ಜಾಗಕ್ಕೆ ಗಾಡಿ ತಳ್ಳಿಕೊಂಡು ಹೋಗಿ, ಮನೆಗೆ ಫೋನ್ ಮಾಡಿ. ಒಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಕೈಯಲ್ಲಿ ಗಾಡಿ ಓಡಿಸುವ ಸಾಹಸ ಖಂಡಿತ ಬೇಡ. ಮಂಜು ಇದ್ದಾಗ ಹೈ ಹಾಕಬೇಡಿ. ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ಮಿನಲ್ಲೇ ನಿಧಾನವಾಗಿ ಹೋಗಿ.

ಸಂಘದಲ್ಲಿ ಏನು ಮಾಡಬಹುದು?

ಸಂಘದಿಂದ ಸಾಲ ಪಡೆದು ಗಾಡಿ ತೆಗೆದುಕೊಂಡ ಸದಸ್ಯೆಯರು ಎಷ್ಟೋ ಮಂದಿ ಇದ್ದಾರೆ. ಗಂಡನ, ಮಗನ ಗಾಡಿಗೆ ಸಾಲ ತೆಗೆದುಕೊಟ್ಟವರೂ ಇದ್ದಾರೆ. ಕಂತು ಕಟ್ಟುವವರು ನಾವು, ಹಿಂದಿನ ಸೀಟಿನಲ್ಲಿ ಮಗುವನ್ನು ಹಿಡಿದು ಕೂರುವವರೂ ನಾವು. ನಾವು ಓಡಿಸದಿದ್ದರೂ ಆ ಗಾಡಿಯ ಬೆಳಕಿನ ಬಗ್ಗೆ ಕೇಳುವ ಹಕ್ಕು ನಮಗಿದೆ. ಆದ್ದರಿಂದ:

- ಒಂದು ಸಭೆಯನ್ನು ಹಗಲು ಹೊತ್ತಿನಲ್ಲಿ ಇಟ್ಟುಕೊಂಡು ಒಬ್ಬ ಸದಸ್ಯೆಯ ಗಾಡಿಯಲ್ಲಿ ಎಲ್ಲರೂ ಸೇರಿ ಬಲ್ಬು ಬಿಚ್ಚಿ ಹಾಕಿ ನೋಡಿ. ಬರೀ ಕೇಳಿದರೆ ಮರೆತುಹೋಗುತ್ತೆ, ಕೈಯಲ್ಲಿ ಮಾಡಿದರೆ ಉಳಿಯುತ್ತೆ.
- ಸಂಘದ ಹಣದಲ್ಲಿ ಒಂದು ಸಣ್ಣ ಟೂಲ್ ಪೆಟ್ಟಿಗೆ ಇಟ್ಟುಕೊಳ್ಳಬಹುದು. ಯಾರು ಒಯ್ದರು, ಯಾವಾಗ ತಂದರು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.
- ಪ್ರತಿ ಮನೆಯಲ್ಲಿ ತಮ್ಮ ಗಾಡಿಗೆ ಹೊಂದುವ ಒಂದು ಹೆಚ್ಚುವರಿ ಬಲ್ಬು ಪೆಟ್ಟಿಗೆ ಸಮೇತ ಇರಲಿ.
- ತಿಂಗಳ ಮೊದಲ ಸಭೆಯ ದಿನ ಮನೆಯಿಂದ ಹೊರಡುವ ಮುಂಚೆ ಹೈ, ಡಿಮ್, ಹಿಂದಿನ ಕೆಂಪು ದೀಪ, ಬ್ರೇಕ್ ಲೈಟ್, ಇಂಡಿಕೇಟರ್ ಐದನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೆಡ್‌ಲೈಟಿನ ಗಾಜಿನ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ರಭು ಯೇಸು ಹೇಳಿದ ಹತ್ತು ಮಂದಿ ಕನ್ಯೆಯರ ಸಾಮತಿಯನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಮತ್ತಾಯನ ಶುಭಸಂದೇಶದಲ್ಲಿ ಬರುತ್ತದೆ. ಹತ್ತು ಮಂದಿಯ ಕೈಯಲ್ಲೂ ದೀಪ ಇತ್ತು. ಐದು ಮಂದಿ ಮಾತ್ರ ಎಣ್ಣೆಯನ್ನೂ ಜೊತೆಗೆ ತಂದಿದ್ದರು. ನಡುರಾತ್ರಿಯಲ್ಲಿ ಅಂಗಡಿ ಹುಡುಕಿಕೊಂಡು ಹೋದ ಉಳಿದ ಐವರಿಗೆ ಬಾಗಿಲು ಮುಚ್ಚಿಹೋಗಿತ್ತು. ಯಾವ ಧರ್ಮದವರಾದರೂ ನಮಗೆಲ್ಲ ಈ ಕಥೆಯ ಬುದ್ಧಿ ಒಂದೇ. ದೀಪ ಆರಿದ ಮೇಲೆ ಓಡಾಡುವುದಕ್ಕಿಂತ ಆರುವ ಮುಂಚೆ ಸಿದ್ಧವಾಗಿರುವುದು ಜಾಣತನ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಎಷ್ಟು ಮನೆಗಳಲ್ಲಿ ಗಾಡಿ ಇದೆ? ಈಗ ಅವುಗಳ ಹೈ, ಡಿಮ್ ಎರಡೂ ಉರಿಯುತ್ತಿವೆಯೇ?
2. ನಮ್ಮ ಗಾಡಿಯ ಬಲ್ಬು ಎಷ್ಟು ವ್ಯಾಟಿನದು ಎಂದು ಎಷ್ಟು ಮಂದಿಗೆ ಗೊತ್ತು?
3. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಯಾಕೆ ಮುಟ್ಟಬಾರದು?
4. ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಏನೇನು ಹಾಳಾಗುತ್ತದೆ?
5. ನಮ್ಮ ಹಳ್ಳಿಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಬೀದಿದೀಪ ಇಲ್ಲದ ತಿರುವುಗಳು ಯಾವುವು? ಈ ಬಗ್ಗೆ ಗ್ರಾಮ ಪಂಚಾಯಿತಿಗೆ ಸಂಘದಿಂದ ಅರ್ಜಿ ಕೊಡಬಹುದೇ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಗಾಡಿಯ ಬಲ್ಬಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಓಡಿಸಲು ಬಾರದವರೂ ಬರೆದು ತನ್ನಿ. ಈ ಪಾಠದ ಮೊದಲ ಮನೆಗೆಲಸ ಅದೇ.